ಮೂಲೆಗೆ ಬಿದ್ದ ಯಂತ್ರಗಳೂ ಓದಲು ಕಾದಿರುವ ಮಕ್ಕಳೂ

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಕಂಪೆನಿಯು ತನ್ನ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಕಾಲಾವಕಾಶವನ್ನು ಪ್ರಕಟಿಸಿತೆಂಬುದು ನಿಜ. ಆದರೆ ಸಾಲದ ವಾಯಿದೆಯನ್ನು ಮುಂದೂಡಿದ ಮಾತ್ರಕ್ಕೆ ಸಾಲವು ತೀರಿದಂತಾಗದು. 2021ರಲ್ಲಿ ಹೊರಬಂದ ವಿಂಡೋಸ್ 11 ಒಂದು ವಿಶೇಷ ರಕ್ಷಣಾ ಚಿಪ್ಪನ್ನೂ ಹೊಸ ಬಗೆಯ ಪ್ರೊಸೆಸರನ್ನೂ ಕೇಳುತ್ತದೆ. ಸುಮಾರು 2018ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಯಂತ್ರವು ಕೆಟ್ಟಿಲ್ಲ, ಪರದೆ ಬೆಳಗುತ್ತದೆ, ಕೀಲಿಮಣೆ ಒತ್ತಿದರೆ ಅಕ್ಷರ ಮೂಡುತ್ತದೆ. ಆದರೂ ಅದಕ್ಕೆ ನಿವೃತ್ತಿಯ ಆಜ್ಞೆ ಬಂದಿದೆ.

ಕೊಚ್ಚಿ ಮತ್ತು ತಿರುವನಂತಪುರಗಳಲ್ಲಿ ನೆಲೆಸಿರುವ ನಮ್ಮವರಿಗೆ ಈ ಸಂಗತಿಯಿಂದ ಏನಾಗಬೇಕು ಎಂದು ವಾಚಕರು ಕೇಳಬಹುದು. ಆಗಬೇಕಾದುದು ಬಹಳವಿದೆ. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿಯೂ, 1990ರಲ್ಲಿ ಆರಂಭವಾದ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿಯೂ, ಲೆಕ್ಕಪರಿಶೋಧಕರ ಕೊಠಡಿಗಳಲ್ಲಿಯೂ, ಲಾಡ್ಜುಗಳಲ್ಲಿಯೂ, ನಮ್ಮವರ ಹೋಟೆಲುಗಳ ಗಲ್ಲೆಯ ಪಕ್ಕದಲ್ಲಿಯೂ ಇಂತಹ ಯಂತ್ರಗಳಿವೆ. ಇಂದು ಅವು ಮೇಜಿನಿಂದ ಕಪಾಟಿಗೆ, ಕಪಾಟಿನಿಂದ ಅಟ್ಟಕ್ಕೆ, ಅಟ್ಟದಿಂದ ಗುಜರಿಗೆ ಇಳಿಯುವ ದಾರಿಯಲ್ಲಿವೆ. ಅದೇ ಹೋಟೆಲಿನ ಹಿಂಭಾಗದ ಕೋಣೆಯಲ್ಲಿ ಪಿ.ಯು.ಸಿ. ಮುಗಿಸಿ ದೂರಶಿಕ್ಷಣದಲ್ಲಿ ಬಿ.ಕಾಂ. ಓದಬೇಕೆಂಬ ಹಂಬಲವುಳ್ಳ ಹುಡುಗನು ಆರು ಅಂಗುಲದ ಮೊಬೈಲಿನಲ್ಲಿ ಪಾಠದ ಪುಟಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಾನೆ. ಈ ಅಟ್ಟಕ್ಕೂ ಆ ಕೋಣೆಗೂ ನಡುವೆ ಇರುವುದು ಒಂದು ಏಣಿಯಷ್ಟು ದೂರ. ಅದನ್ನು ಇಳಿಸಿಕೊಡುವವರು ಯಾರು ಎಂಬುದೇ ಇಂದಿನ ಪ್ರಶ್ನೆ.

ಮೊದಲು ಸಾಧ್ಯಾಸಾಧ್ಯದ ವಿಚಾರ. ಹಳೆಯ ಲ್ಯಾಪ್‌ಟಾಪ್ ನಿಧಾನವಾಗುವುದಕ್ಕೆ ಅದರ ವಯಸ್ಸೊಂದೇ ಕಾರಣವಲ್ಲ. ಅದರ ಮೇಲೆ ಹೇರಿದ ಹೊರೆಯೂ ಕಾರಣ. ಭಾರವಾದ ಕಾರ್ಯವ್ಯವಸ್ಥೆ, ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಹತ್ತಾರು ಕಾರ್ಯಕ್ರಮಗಳು, ತಿರುಗುವ ಹಳೆಯ ಹಾರ್ಡ್ ಡಿಸ್ಕು, ಸಾಲದ ಸ್ಮರಣಶಕ್ತಿ ಇವುಗಳು ಸೇರಿ ಅದನ್ನು ಏದುಸಿರು ಬಿಡುವಂತೆ ಮಾಡುತ್ತವೆ. ಹೊರೆಯನ್ನು ಇಳಿಸಿದರೆ ಅದೇ ಎತ್ತು ಮತ್ತೆ ನಡೆಯುತ್ತದೆ. ಈ ತತ್ತ್ವದ ಮೇಲೆಯೇ ಹಗುರವಾದ ಕಾರ್ಯವ್ಯವಸ್ಥೆಗಳು ನಿಂತಿವೆ.

ಅವುಗಳಲ್ಲಿ ಒಂದು ಬಗೆಯೆಂದರೆ ಬ್ರೌಸರನ್ನೇ ಮನೆಯಾಗಿ ಮಾಡಿಕೊಂಡ ವ್ಯವಸ್ಥೆ. 2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್ ಎಂಬ ಯಂತ್ರಗಳಲ್ಲಿ ಗೂಗಲ್ ಕಂಪೆನಿಯು ಇದನ್ನು ಅಳವಡಿಸಿತು. ಇಲ್ಲಿ ಬರೆಯುವುದು, ಲೆಕ್ಕ ಹಾಕುವುದು, ಪಾಠ ನೋಡುವುದು ಎಲ್ಲವೂ ಬ್ರೌಸರಿನೊಳಗೆ. ಕಡತಗಳು ಬಹುಮಟ್ಟಿಗೆ ದೂರದ ಸರ್ವರುಗಳಲ್ಲಿ. ಕೈಯಲ್ಲಿರುವ ಯಂತ್ರದ ಮೇಲೆ ಬೀಳುವ ಹೊರೆ ಕಡಿಮೆ. ಹಳೆಯ ಕಂಪ್ಯೂಟರುಗಳಿಗೂ ಇಂತಹ ವ್ಯವಸ್ಥೆಯನ್ನು ಕೂರಿಸುವ ಕ್ಲೌಡ್‌ರೆಡಿ ಎಂಬುದನ್ನು ನೆವರ್‌ವೇರ್ ಎಂಬ ಸಂಸ್ಥೆಯು ಸಿದ್ಧಪಡಿಸಿತ್ತು. 2020ರ ಡಿಸೆಂಬರಿನಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡುಕೊಂಡು, 2022ರ ಜುಲೈ ತಿಂಗಳಲ್ಲಿ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಹೆಸರಿನಲ್ಲಿ ಅದನ್ನು ಪೂರ್ಣರೂಪದಲ್ಲಿ ಬಿಡುಗಡೆ ಮಾಡಿತು. ಇದಕ್ಕೆ ಬೆಲೆಯಿಲ್ಲ. 64 ಬಿಟ್‌ನ ಇಂಟೆಲ್ ಅಥವಾ ಎ.ಎಂ.ಡಿ. ಪ್ರೊಸೆಸರು, 4 ಜಿ.ಬಿ. ರ‍್ಯಾಮ್, 16 ಜಿ.ಬಿ. ಸಂಗ್ರಹ ಇಷ್ಟಿದ್ದರೆ ಸಾಕೆಂದು ಹೇಳಲಾಗಿದೆ. 2010ಕ್ಕಿಂತ ಹಿಂದಿನ ಬಿಡಿಭಾಗಗಳಿದ್ದರೆ ಅನುಭವವು ಚೆನ್ನಾಗಿರಲಾರದೆಂಬ ಎಚ್ಚರಿಕೆಯೂ ಉಂಟು. ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಯಂತ್ರಕ್ಕೆ ಇಳಿಸಬಹುದು. ಇಳಿಸಿದಾಗ ಡಿಸ್ಕಿನಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯ ಬಗೆಯೆಂದರೆ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ. ಈ ವಿಷಯದಲ್ಲಿ ನಾವು ಇರುವ ನಾಡು ಇಡೀ ಭಾರತಕ್ಕೆ ಮೇಲ್ಪಂಕ್ತಿ ಹಾಕಿದೆ ಎಂಬುದನ್ನು ನಮ್ಮ ಜನರಲ್ಲಿ ಅನೇಕರು ಅರಿಯರು. ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2001ರ ಜುಲೈ 20ರಂದು ಉದ್ಘಾಟನೆಗೊಂಡುದು ತಿರುವನಂತಪುರದಲ್ಲಿ, ರಿಚರ್ಡ್ ಸ್ಟಾಲ್‌ಮನ್ನರ ಸಮಕ್ಷಮದಲ್ಲಿ. ಅದೇ ವರ್ಷ ಕೇರಳ ಸರಕಾರವು ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿತು. ಅದು 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಉಬುಂಟುವನ್ನು ಆಧಾರವಾಗಿ ಇಟ್ಟುಕೊಂಡು ಶಾಲೆಗಳಿಗೆ ತಕ್ಕಂತೆ ರೂಪಿಸಿದ ಕೈಟ್ ಗ್ನೂ/ಲಿನಕ್ಸ್ ವ್ಯವಸ್ಥೆಯೇ ಇಲ್ಲಿಯ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ನಡೆಯುತ್ತಿದೆ. ಎರಡು ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳಲ್ಲಿ ಇದನ್ನು ಬಳಸುವುದರಿಂದ ಪರವಾನಗಿ ಶುಲ್ಕದ ರೂಪದಲ್ಲಿ ಸುಮಾರು 3,000 ಕೋಟಿ ರೂಪಾಯಿ ಉಳಿಯುತ್ತದೆಂದು 2019ರಲ್ಲಿ ಕೈಟ್ ತಿಳಿಸಿತು. ಆ ಲೆಕ್ಕದಲ್ಲಿ ಯಾರಾದರೂ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಲಿ. ಸರಕಾರವೇ ದುಡ್ಡು ಕೊಡದೆ ನಡೆಸುತ್ತಿರುವ ವ್ಯವಸ್ಥೆಯನ್ನು ಬಡವನ ಮನೆಯಲ್ಲಿ ಬಳಸುವುದಕ್ಕೆ ಸಂಕೋಚವೇಕೆ?

ಈ ಎರಡು ಬಗೆಗಳಲ್ಲಿ ಯಾವುದು ನಮ್ಮ ಮಕ್ಕಳಿಗೆ ತಕ್ಕುದು? ಒಂದೇ ಔಷಧಿ ಎಲ್ಲ ರೋಗಕ್ಕೂ ಅಲ್ಲ. ಮಗುವು ಕೇರಳದ ರಾಜ್ಯ ಪಠ್ಯಕ್ರಮದಲ್ಲಿ ಓದುತ್ತಿದ್ದರೆ ನಮ್ಮ ಸಲಹೆ ಸ್ಪಷ್ಟ: ಕೈಟ್ ವ್ಯವಸ್ಥೆಯನ್ನೇ ಹಾಕಿಸಿರಿ. ಶಾಲೆಯಲ್ಲಿ ಆತನು ಕಲಿಯುವ ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್, ಪೈಥಾನ್ ಮೊದಲಾದವು ಅದರಲ್ಲಿಯೇ ಇವೆ, ಎಸ್.ಎಸ್.ಎಲ್.ಸಿ.ಯ ಐ.ಟಿ. ಪ್ರಾಯೋಗಿಕ ಪರೀಕ್ಷೆಯನ್ನು ಕೊಡಬೇಕಾದುದೂ ಅದರಲ್ಲಿಯೇ. ಮನೆಯಲ್ಲೊಂದು, ಶಾಲೆಯಲ್ಲೊಂದು ಎಂದು ಮಗುವನ್ನು ಎರಡು ದೋಣಿಯಲ್ಲಿ ನಿಲ್ಲಿಸುವುದು ಬುದ್ಧಿವಂತಿಕೆಯಲ್ಲ. ಯಂತ್ರದಲ್ಲಿ 2 ಜಿ.ಬಿ. ರ‍್ಯಾಮ್ ಮಾತ್ರವಿದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯಂತಹ ಇನ್ನೂ ಹಗುರವಾದುದನ್ನು ಹಾಕಬಹುದು. ಕಾಲೇಜಿನ ವಿದ್ಯಾರ್ಥಿಯು ಮುಖ್ಯವಾಗಿ ಪಾಠದ ವೀಡಿಯೋ ನೋಡುವವನು, ಅಸೈನ್‌ಮೆಂಟ್ ಬರೆದು ಕಳುಹಿಸುವವನು, ಮತ್ತು ಮನೆಯಲ್ಲಿ ಎಡೆಬಿಡದ ಇಂಟರ್‌ನೆಟ್ ಇರುವವನಾದರೆ ಫ್ಲೆಕ್ಸ್ ಒಳ್ಳೆಯದು. ಅದು ತಾನೇ ತಾನಾಗಿ ನವೀಕರಣಗೊಳ್ಳುತ್ತದೆ, ಕೆಡಿಸುವುದೂ ಕಷ್ಟ.

ಆದರೆ ಫ್ಲೆಕ್ಸಿನ ಮಿತಿಗಳನ್ನು ಮುಚ್ಚಿಡುವುದು ಪತ್ರಿಕೆಯ ಧರ್ಮವಲ್ಲ. ಕ್ರೋಮ್‌ಬುಕ್ಕಿನಲ್ಲಿ ದೊರೆಯುವ ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿ ದೊರೆಯುವುದಿಲ್ಲ. ಯಾವ ಮಾದರಿಯ ಯಂತ್ರಕ್ಕೆ ಯಾವ ವರ್ಷದವರೆಗೆ ಬೆಂಬಲವೆಂಬ ಪಟ್ಟಿಯನ್ನು ಗೂಗಲ್ ಇಟ್ಟಿದೆ. ಪಟ್ಟಿಯಲ್ಲಿ ಇಲ್ಲದುದು ನಡೆದರೆ ಅದೃಷ್ಟ. ಇಂಟರ್‌ನೆಟ್ ಇಲ್ಲದ ಗಳಿಗೆಯಲ್ಲಿ ಅದರ ಅರ್ಧ ಕೈಗಳು ಕಟ್ಟಿಹಾಕಿದಂತಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಓದುಗರಲ್ಲಿ ಬಹುಮಂದಿಗೆ ಬೇಕಾದ ಟ್ಯಾಲಿಯಂತಹ ಲೆಕ್ಕಪತ್ರದ ತಂತ್ರಾಂಶವು ವಿಂಡೋಸಿಗಾಗಿಯೇ ರಚಿತವಾದುದು. ಅದು ಇದರಲ್ಲಿ ನೇರವಾಗಿ ನಡೆಯದು. ಗುಮಾಸ್ತಗಿರಿಗೆ ತಯಾರಾಗುವ ಹುಡುಗನಿಗೆ ಟ್ಯಾಲಿ ಬಾರದ ಯಂತ್ರವನ್ನು ಕೊಟ್ಟು, ಕಲಿತುಕೋ ಎಂದರೆ ಅದು ಉಪಕಾರವಾಗದು. ಅಂಥವನಿಗೆ ವಿಂಡೋಸ್ 11 ತಾಳಿಕೊಳ್ಳುವ ಯಂತ್ರವನ್ನೇ ಹುಡುಕಿ ಕೊಡಬೇಕು. ಎಂಜಿನಿಯರಿಂಗ್ ಓದುವವನ ನಕ್ಷೆಯ ತಂತ್ರಾಂಶಗಳ ವಿಷಯವೂ ಹೀಗೆಯೇ.

ಇಂಟರ್‌ನೆಟ್ಟಿನ ಮಾತು ಬಂದುದರಿಂದ ಹೇಳುತ್ತೇವೆ. 2023ರ ಜೂನ್ 5ರಂದು ಉದ್ಘಾಟನೆಗೊಂಡ ಕೆ-ಫೋನ್ ಯೋಜನೆಯು 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕವನ್ನು ಗುರಿಯಾಗಿ ಇಟ್ಟುಕೊಂಡಿತು. ಆದರೆ ಹೋಟೆಲಿನ ಮಾಳಿಗೆಯ ಮೇಲೆ ಹತ್ತು ಮಂದಿ ಒಟ್ಟಿಗೆ ಮಲಗುವ ನಮ್ಮ ಹುಡುಗರು ಯಾವ ಪಡಿತರ ಚೀಟಿಯ ಕುಟುಂಬ? ಊರಿನ ಚೀಟಿಯಲ್ಲಿ ಹೆಸರು, ಪರವೂರಿನಲ್ಲಿ ವಾಸ. ಯೋಜನೆಗಳು ಇವರ ತಲೆಯ ಮೇಲಿನಿಂದ ಹಾರಿಹೋಗುತ್ತವೆ. ಆದುದರಿಂದ ಸಂಪರ್ಕವಿಲ್ಲದೆಯೂ ಉಪಯೋಗಕ್ಕೆ ಬರುವಂತೆ ಯಂತ್ರವನ್ನು ತುಂಬಿಸಿ ಕೊಡಬೇಕು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೇ ಒಂದು ಕಡತವಾಗಿ ಇಳಿಸಿ ಇಡಬಹುದು. ಕೇರಳದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ಈ ನಾಲ್ಕು ಮಾಧ್ಯಮಗಳಲ್ಲಿಯೂ ಇವೆ. ಕಾಸರಗೋಡಿನ ಕನ್ನಡ ಶಾಲೆಗೆ ಹೋಗುವ ತಮ್ಮನಿಗೋ ತಂಗಿಗೋ ಯಂತ್ರವನ್ನು ಕಳುಹಿಸುವವರು ಅವನ್ನು ಮೊದಲೇ ಇಳಿಸಿಟ್ಟು ಕಳುಹಿಸಲಿ. ಕನ್ನಡ ಟೈಪಿಸುವುದಕ್ಕೆ ತೊಂದರೆಯೆಂಬ ಭಯವೂ ಬೇಡ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯ ಜಾಡಿನಲ್ಲಿ ಬಂದ ನುಡಿ ವಿನ್ಯಾಸವನ್ನೂ, ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನೂ ಲಿನಕ್ಸಿನಲ್ಲಿ ಹಾಕಿಕೊಳ್ಳಬಹುದು.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂಬ ಆಕ್ಷೇಪವುಂಟು. ಮೊಬೈಲು ನೋಡುವ ಯಂತ್ರ, ಬರೆಯುವ ಯಂತ್ರವಲ್ಲ. ಹತ್ತು ಪುಟದ ಪ್ರಬಂಧವನ್ನು ಹೆಬ್ಬೆರಳಿನಿಂದ ಬರೆದವರು ಎಷ್ಟು ಮಂದಿ? ಕಚೇರಿಯ ಸಂದರ್ಶನದಲ್ಲಿ ಒಂದು ಲೆಕ್ಕದ ತಖ್ತೆಯನ್ನು ಮಾಡಿಕೊಡು ಎಂದಾಗ ಕೈ ನಡುಗದಿರಬೇಕಾದರೆ ಕೀಲಿಮಣೆಯ ಪರಿಚಯ ಬೇಕು. 2020ರ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ಫಸ್ಟ್ ಬೆಲ್ ಪಾಠಗಳು ಆರಂಭವಾದಾಗ, ಸಾಧನ ಇಲ್ಲದ ಮನೆಗಳೆಷ್ಟಿವೆ ಎಂಬುದು ಈ ಅಕ್ಷರಸ್ಥ ನಾಡಿಗೂ ಕಣ್ಣಿಗೆ ಹೊಡೆದಂತೆ ತಿಳಿಯಿತು. ಅದೇ ದಿನ ಮಲಪ್ಪುರಂ ಜಿಲ್ಲೆಯಲ್ಲಿ ಶಾಲಾ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆ ಮನೆಯ ಟಿ.ವಿ. ಕೆಟ್ಟಿತ್ತು, ಸ್ಮಾರ್ಟ್ ಫೋನ್ ಇರಲಿಲ್ಲ. ಅನಂತರ ಶಾಲೆಗಳಲ್ಲಿದ್ದ ಲ್ಯಾಪ್‌ಟಾಪುಗಳನ್ನು ಮಕ್ಕಳ ಉಪಯೋಗಕ್ಕೆ ಬಿಟ್ಟುಕೊಡಲಾಯಿತು. 2021ರಲ್ಲಿ ವಿದ್ಯಾಕಿರಣಂ ಯೋಜನೆ ಬಂತು. ಸರಕಾರವು ಎಚ್ಚೆತ್ತಿತು, ಜನರೂ ಕೈಗೂಡಿಸಿದರು. ಆದರೆ ಒಂದು ಸಾಧನದ ಅಭಾವವು ಮಗುವಿನ ಮನಸ್ಸನ್ನು ಎಲ್ಲಿಗೆ ಒಯ್ಯಬಲ್ಲುದು ಎಂಬ ಆ ಪಾಠವನ್ನು ಸಾಂಕ್ರಾಮಿಕದ ಜತೆಯಲ್ಲಿಯೇ ಮರೆತುಬಿಡುವುದು ಸಲ್ಲದು.

ಇನ್ನೊಂದು ಆಕ್ಷೇಪವು ಬಾಯಿಬಿಟ್ಟು ಹೇಳದ ಬಗೆಯದು. ಗಲ್ಲೆಯ ಮೇಲೆ ಕುಳಿತಿದ್ದವರಾದ್ದರಿಂದ ಅದು ನಮ್ಮ ಕಿವಿಗೆ ಬಿದ್ದಿದೆ. "ಹುಡುಗನಿಗೆ ಕಂಪ್ಯೂಟರ್ ಕೊಟ್ಟರೆ ಅವನು ನಾಳೆ ಹೋಟೆಲಿನಲ್ಲಿ ನಿಲ್ಲುವನೇ? ಟೇಬಲ್ ಒರೆಸುವವರು ಯಾರು, ಸಪ್ಲೈ ಮಾಡುವವರು ಯಾರು?" ಈ ಮಾತಿಗೆ ನೇರವಾದ ಉತ್ತರವನ್ನೇ ಕೊಡಬೇಕು. ಅಹುದು, ಅವನು ಹೋಗುವನು. ಹೋಗಲಿ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ದೀಪದ ಕೆಳಗೆ ಓದಿದ ಹುಡುಗರು ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲುಗಳ ಮಾಲಕರೂ ಆದರು. ಅದರಿಂದ ಮುಂಬಯಿಯ ಉಡುಪಿ ಹೋಟೆಲುಗಳು ಬಾಗಿಲು ಹಾಕಲಿಲ್ಲ; ನಮ್ಮವರ ಮರ್ಯಾದೆಯು ಹೆಚ್ಚಿತು. ಹುಡುಗನ ಅಜ್ಞಾನದ ಮೇಲೆ ನಿಂತ ಉದ್ಯಮವು ಗೆದ್ದಲು ಹಿಡಿದ ಕಂಬದ ಮೇಲೆ ನಿಂತ ಚಾವಡಿಯಂತೆ. ಮಾಲಕರಲ್ಲಿ ಯಾರೂ ತಮ್ಮ ಮಕ್ಕಳನ್ನು ಟೇಬಲ್ ಒರೆಸುವುದಕ್ಕಾಗಿ ಓದಿಸುತ್ತಿಲ್ಲ. ತಮ್ಮ ಮಗುವಿಗೆ ಸಲ್ಲುವ ನ್ಯಾಯವು ಮಾಣಿಗೂ ಸಲ್ಲಲಿ.

ಹಾಗೆಂದು ಗುಜರಿಗೆ ಹೋಗಬೇಕಾದುದನ್ನೆಲ್ಲ ದಾನದ ಹೆಸರಿನಲ್ಲಿ ಬಡವನ ತಲೆಗೆ ಕಟ್ಟುವುದನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಹಲ್ಲಿಲ್ಲದ ಹಸುವನ್ನು ಗೋದಾನ ಮಾಡಿದವನಿಗೆ ಪುಣ್ಯ ಬರುವುದಿಲ್ಲವೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಉಬ್ಬಿದ ಬ್ಯಾಟರಿಯುಳ್ಳ ಲ್ಯಾಪ್‌ಟಾಪ್ ಮಗುವಿನ ಹಾಸಿಗೆಯ ಪಕ್ಕದಲ್ಲಿ ಇಡತಕ್ಕ ವಸ್ತುವಲ್ಲ. ಅದರಿಂದ ಬೆಂಕಿಯ ಭಯವುಂಟು. ಮುರಿದ ಕೀಲಿಮಣೆ, ಚಾರ್ಜರಿಲ್ಲದ ಯಂತ್ರ, ಕಪ್ಪಾದ ಪರದೆ ಇವನ್ನು ಕೊಟ್ಟು ಶಾಲು ಹೊದಿಸಿಕೊಂಡು ಭಾವಚಿತ್ರ ತೆಗೆಸಿಕೊಳ್ಳುವ ಸಮಾರಂಭಗಳು ಬೇಡ. ನಡೆಯದ ಯಂತ್ರದ ದಾರಿ ಬೇರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಿವೆ. ಕೇರಳದಲ್ಲಿ ಇಂತಹ ತ್ಯಾಜ್ಯವನ್ನು ಸಂಗ್ರಹಿಸುವ ಕ್ಲೀನ್ ಕೇರಳ ಕಂಪೆನಿಯಿದೆ. ತ್ಯಾಜ್ಯವನ್ನು ಕಣ್ಣಿಗೆ ಕಾಣದಂತೆ ದೂರ ಎಸೆದರೆ ಅದು ಕಾಣೆಯಾಗುವುದಿಲ್ಲವೆಂಬುದನ್ನು 2023ರ ಮಾರ್ಚ್ 2ರಂದು ಹೊತ್ತಿಕೊಂಡ ಬ್ರಹ್ಮಪುರಂ ಕೊಚ್ಚಿಯ ಜನರಿಗೆ ದಿನಗಟ್ಟಲೆ ಹೊಗೆ ಕುಡಿಸಿ ಕಲಿಸಿದೆ.

ಹಾಗಾದರೆ ಮಾಡತಕ್ಕದ್ದೇನು? ಕನ್ನಡಿಗರ ಸಂಘಗಳ ಮುಂದೆಯೂ ಹೋಟೆಲು ಮಾಲಕರ ಮುಂದೆಯೂ ನಾವು ಕೆಲವು ಸೂಚನೆಗಳನ್ನು ಇಡುತ್ತೇವೆ.

ಒಂದನೆಯದಾಗಿ, ಪ್ರತಿಯೊಂದು ಸಂಘವೂ ಒಂದು ರಿಜಿಸ್ಟರನ್ನು ತೆರೆಯಲಿ. ಒಂದು ಪುಟದಲ್ಲಿ ಕೊಡುವವರ ಯಂತ್ರದ ಮಾದರಿ, ವರ್ಷ, ರ‍್ಯಾಮ್, ಡಿಸ್ಕಿನ ಬಗೆ, ಬ್ಯಾಟರಿಯ ಸ್ಥಿತಿ. ಎದುರು ಪುಟದಲ್ಲಿ ಬೇಕೆನ್ನುವ ವಿದ್ಯಾರ್ಥಿಯ ತರಗತಿ, ವಿಷಯ, ಇಂಟರ್‌ನೆಟ್ ಉಂಟೇ ಇಲ್ಲವೇ ಎಂಬ ವಿವರ. ಅಂಗಡಿಯ ದಾಸ್ತಾನು ಪುಸ್ತಕ ಬರೆಯಬಲ್ಲ ನಮ್ಮವರಿಗೆ ಇದು ದೊಡ್ಡ ವಿದ್ಯೆಯಲ್ಲ.

ಎರಡನೆಯದಾಗಿ, ಕೊಡುವ ಮೊದಲು ಡಿಸ್ಕನ್ನು ಪೂರ್ಣವಾಗಿ ಅಳಿಸಲಿ. ಹೋಟೆಲಿನ ಜಿ.ಎಸ್.ಟಿ. ಲೆಕ್ಕ, ಲಾಡ್ಜಿನ ಗಿರಾಕಿಗಳ ಆಧಾರ್ ಪ್ರತಿ, ಬ್ಯಾಂಕಿನ ಗುಪ್ತಪದ ಇವು ಅದರಲ್ಲಿ ಉಳಿದರೆ ಕೊಟ್ಟವನಿಗೂ ಆಪತ್ತು, ಪಡೆದವನಿಗೂ ಆಪತ್ತು. ಕಡತವನ್ನು ಕಸದ ಬುಟ್ಟಿಗೆ ಹಾಕಿದರೆ ಅಳಿಸಿದಂತಾಗುವುದಿಲ್ಲ. ಬಲ್ಲವರ ಕೈಯಿಂದ ಡಿಸ್ಕನ್ನೇ ಶುದ್ಧಗೊಳಿಸಬೇಕು.

ಮೂರನೆಯದಾಗಿ, ಸಾಧ್ಯವಿದ್ದಲ್ಲಿ ತಿರುಗುವ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಲಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಚಿಕಿತ್ಸೆ ಬೇರೊಂದಿಲ್ಲ. ಎರ್ನಾಕುಳಂನ ಪೆಂಟಾ ಮೇನಕದಂತಹ ಕಟ್ಟಡಗಳಲ್ಲಿ ಫೋನ್ ರಿಪೇರಿ ಮಾಡುವವರ ಕೈಚಳಕವನ್ನು ಕಂಡವರು ನಮ್ಮ ನಾಡಿನಲ್ಲಿ ಕುಶಲಿಗಳಿಗೆ ಬರವಿಲ್ಲವೆಂಬುದನ್ನು ಒಪ್ಪುವರು. ಗ್ರೈಂಡರಿನ ಕಲ್ಲು ಸವೆದರೆ ಕೊತ್ತಿಸುತ್ತೇವೆ, ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸುತ್ತೇವೆ, ಗ್ರೈಂಡರನ್ನೇ ಎಸೆಯುವುದಿಲ್ಲ. ಆ ವಿವೇಕವು ಲ್ಯಾಪ್‌ಟಾಪಿಗೂ ಅನ್ವಯಿಸಲಿ.

ನಾಲ್ಕನೆಯದಾಗಿ, ಯಂತ್ರವನ್ನು ಕೊಡುವುದರ ಜತೆಗೆ ಒಬ್ಬ ಮನುಷ್ಯನನ್ನೂ ಕೊಡಬೇಕು. ಮೊದಲ ತಿಂಗಳಲ್ಲಿ ಗುಪ್ತಪದ ಮರೆಯುತ್ತದೆ, ವೈ-ಫೈ ಹಿಡಿಯುವುದಿಲ್ಲ, ಪ್ರಿಂಟರು ಮಾತನಾಡುವುದಿಲ್ಲ. ಆಗ ಕೇಳುವುದಕ್ಕೆ ಜನವಿಲ್ಲದಿದ್ದರೆ ಯಂತ್ರವು ಮತ್ತೆ ಅಟ್ಟ ಸೇರುತ್ತದೆ. ಐ.ಟಿ. ಕಂಪೆನಿಗಳಲ್ಲಿ ದುಡಿಯುವ ನಮ್ಮ ತರುಣರು ತಿಂಗಳಿಗೆ ಒಂದು ಭಾನುವಾರವನ್ನು ಇದಕ್ಕಾಗಿ ಎತ್ತಿಡಲಿ. ಕೇರಳದ ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐ.ಟಿ. ಕ್ಲಬ್ಬುಗಳಿವೆ, ಆ ಮಕ್ಕಳಲ್ಲಿ ನಮ್ಮವರ ಮಕ್ಕಳೂ ಇರುವಲ್ಲಿ ಅವರನ್ನೂ ಸೇರಿಸಿಕೊಳ್ಳಬಹುದು. ತಿರುವನಂತಪುರದಲ್ಲಿ ಸ್ವತಂತ್ರ ತಂತ್ರಾಂಶಕ್ಕಾಗಿಯೇ ಸರಕಾರವು ನಡೆಸುತ್ತಿರುವ ಐಸಿಫಾಸ್ ಸಂಸ್ಥೆಯಿದೆ. ಸಂಘದವರು ಅಲ್ಲಿಗೆ ಒಂದು ಪತ್ರ ಬರೆದು ಸಲಹೆ ಕೇಳುವುದರಲ್ಲಿ ನಷ್ಟವೇನು?

ಐದನೆಯದಾಗಿ, ಇದನ್ನು ದಾನವೆನ್ನದೆ ಎರವಲು ಎನ್ನೋಣ. ಗ್ರಂಥಾಲಯದ ಪುಸ್ತಕದಂತೆ ಸಹಿ ಮಾಡಿ ಒಯ್ಯಲಿ. ಓದು ಮುಗಿದ ಮೇಲೆ ಮುಂದಿನವನಿಗೆ ಹಿಂದಿರುಗಿಸಲಿ. ತೆರಬಲ್ಲವನು ಅಲ್ಪ ಠೇವಣಿಯನ್ನಿಡಲಿ. ತೆರಲಾರದವನನ್ನು ಕೇಳುವುದು ಬೇಡ. ನಮ್ಮ ಬಾಲ್ಯದಲ್ಲಿ ಮೇಲಿನ ತರಗತಿಗೆ ಹೋದವನ ಪಠ್ಯಪುಸ್ತಕವು ಅರ್ಧ ಬೆಲೆಗೆ ಕೆಳಗಿನವನ ಕೈಗೆ ಬರುತ್ತಿದ್ದಿತು. ಬೈಂಡು ಕಿತ್ತ ಆ ಪುಸ್ತಕವನ್ನು ಓದಿದವನಿಗೆ ಅದರಿಂದ ಅಂಕ ಕಡಿಮೆಯಾಗಲಿಲ್ಲ, ಅಪಮಾನವೂ ಆಗಲಿಲ್ಲ. ಏಕೆಂದರೆ ಅದು ಭಿಕ್ಷೆಯಾಗಿರಲಿಲ್ಲ, ರೂಢಿಯಾಗಿದ್ದಿತು. ಲ್ಯಾಪ್‌ಟಾಪಿನ ವಿಷಯದಲ್ಲಿ ಅಂತಹ ರೂಢಿಯನ್ನು ಹುಟ್ಟುಹಾಕುವುದೇ ನಮ್ಮ ಮುಂದಿರುವ ಕೆಲಸ. ದಾನವು ಕೊಟ್ಟವನ ಮನಸ್ಸು ಬದಲಾದರೆ ನಿಲ್ಲುತ್ತದೆ. ರೂಢಿಯು ಯಾರನ್ನೂ ಕಾಯದೆ ನಡೆಯುತ್ತದೆ.

ನಮ್ಮ ಓದುಗರಲ್ಲಿ ಹಲವರ ಮಡದಿ ಮಕ್ಕಳು ಇಲ್ಲಿಲ್ಲ. ಕುಂದಾಪುರದಲ್ಲಿ, ಕಾರ್ಕಳದಲ್ಲಿ, ಮಂಜೇಶ್ವರದಲ್ಲಿ ಇದ್ದಾರೆ. ರಜೆಗೆ ಮಾವೇಲಿ ಎಕ್ಸ್‌ಪ್ರೆಸ್ಸನ್ನೋ ಮಲಬಾರ್ ಎಕ್ಸ್‌ಪ್ರೆಸ್ಸನ್ನೋ ಹತ್ತಿ ಹೊರಡುವ ತಂದೆಯ ಚೀಲದಲ್ಲಿ ಬಾಳೆಕಾಯಿ ಚಿಪ್ಸ್ ಮತ್ತು ಹಲ್ವದ ಪೊಟ್ಟಣಗಳಿರುತ್ತವೆ. ಅವುಗಳ ನಡುವೆ, ಚೊಕ್ಕಟವಾಗಿ ಒರೆಸಿ ಹಗುರವಾದ ವ್ಯವಸ್ಥೆಯನ್ನು ಹಾಕಿಸಿದ ಒಂದು ಹಳೆಯ ಲ್ಯಾಪ್‌ಟಾಪಿಗೂ ಸ್ಥಳವಿರಲಿ.

ಮಾಲಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಈ ವಾರ ನಿಮ್ಮ ಅಟ್ಟವನ್ನು ಒಮ್ಮೆ ನೋಡಿರಿ. ನೌಕರ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯೂ ಅಷ್ಟೇ. ಬೇಕೆಂದು ಕೇಳುವುದಕ್ಕೆ ನಾಚಬೇಡಿರಿ. ಓದುವುದಕ್ಕಾಗಿ ಕೇಳುವವನು ಯಾರ ಮುಂದೆಯೂ ಚಿಕ್ಕವನಾಗುವುದಿಲ್ಲ. ಸಂಘಗಳವರು ರಿಜಿಸ್ಟರು ತೆರೆದ ದಿನ ನಮಗೊಂದು ಸಾಲು ಬರೆದರೆ ಈ ಪತ್ರಿಕೆಯು ಅದನ್ನು ಸಂತೋಷದಿಂದ ಪ್ರಕಟಿಸುವುದು.